ಮೆತ್ತಗಿರೋ ಕೂಸುಗಳ ಜೊತೆ ನಾನು ಮಾಡೋ ಕೆಲಸ

ನಾನು ಮಕ್ಕಳ ಫಿಸಿಯೋಥೆರಪಿಸ್ಟ್, ಊರು ಹುಬ್ಬಳ್ಳಿ ಕಡೆ, ಕೆಲಸ ಗೋವಾದ ವಾಸ್ಕೋದಲ್ಲಿ. ಇಲ್ಲೇ ಸುತ್ತಮುತ್ತಲಿನ ಬೈನಾ, ಝುವಾರಿನಗರದಿಂದ ಬರೋ ತಾಯಂದಿರಲ್ಲಿ ಗದಗ, ಬಾಗಲಕೋಟೆ, ಹಾವೇರಿ ಕಡೆಯವರು ತುಂಬಾ ಜನ, ಹಾಗಾಗಿ ಕೊಂಕಣಿಗಿಂತ ಕನ್ನಡನೇ ಜಾಸ್ತಿ ಮಾತಾಡ್ತೀನಿ. ಕೂಸುಗಳೆಲ್ಲ ಎನ್‌ಐಸಿಯುನಲ್ಲಿ, ಅಂದ್ರೆ ಹಸುಗೂಸುಗಳ ತೀವ್ರ ನಿಗಾ ಘಟಕದಲ್ಲಿ, ಇದ್ದು ಬಂದವು. 32 ವಾರ ತುಂಬೋ ಮೊದಲೇ ಹುಟ್ಟಿದ್ದು, ಒಂದೂವರೆ ಕೆಜಿನೂ ಇಲ್ಲದ್ದು, ಹುಟ್ಟಿದ ಕೂಡ್ಲೆ ಅಳದೇ ಇದ್ದದ್ದು, ಫಿಟ್ಸ್ ಬಂದದ್ದು.

"ಮೇಡಂ, ಕಂಕಳಾಗ ಕೈ ಹಾಕಿ ಎತ್ತಿದ್ರ ಕೂಸು ಜಾರಿ ಹೋದಂಗ ಆಕ್ಕೈತ್ರಿ" ಅಂತಾರೆ ತಾಯಂದಿರು. ಸ್ನಾಯುಗಳಲ್ಲಿ ಬಿಗಿ ಕಡಿಮೆ ಇರೋ ಮೆತ್ತಗಿನ ಕೂಸು ಹೀಗೇ ಜಾರುತ್ತೆ. ನಾವು ಪರೀಕ್ಷೆ ಮಾಡೋವಾಗ ನೋಡೋದೂ ಅದನ್ನೇ, ಅದಕ್ಕೇ ತಾಯಿ ಮಾತು ನಾನು ಪೂರ್ತಿ ಕೇಳ್ತೀನಿ.

ಮೊದಲು ವಯಸ್ಸಿನ ಲೆಕ್ಕ. ಎರಡು ತಿಂಗಳು ಮುಂಚೆ ಹುಟ್ಟಿದ ಕೂಸಿಗೆ ಈಗ 8 ತಿಂಗಳಾದ್ರೆ ನನಗದು 6 ತಿಂಗಳ ಕೂಸು, 2 ವರ್ಷದವರೆಗೂ ಹೀಗೇ ಲೆಕ್ಕ ಹಾಕ್ತೀನಿ. ಅಷ್ಟಕ್ಕೇ ಅರ್ಧ ಮನೆಯವರ ಹೆದರಿಕೆ ಇಳಿಯುತ್ತೆ.

ಆಮೇಲೆ ಮುಟ್ಟದೆ ನೋಡ್ತೀನಿ. ಈ ಲೆಕ್ಕದ ಮೂರನೇ ತಿಂಗಳ ಸುಮಾರಿಗೆ ಎಚ್ಚರ ಇರೋ ಕೂಸಿನ ಕುತ್ತಿಗೆ, ಮಣಿಕಟ್ಟು, ಪಾದದಲ್ಲಿ ಸಣ್ಣ ಸಣ್ಣ ಚಲನೆ ಬಿಡದೇ ನಡೀತಿರಬೇಕು, ಅದು ಇಲ್ಲದಿದ್ರೆ ಸೆರೆಬ್ರಲ್ ಪಾಲ್ಸಿ (ಮಿದುಳಿಗೆ ಪೆಟ್ಟಾಗಿ ಮೈಯ ಚಲನೆ ಹಿಡಿತ ತಪ್ಪೋ ತೊಂದರೆ) ಅನುಮಾನ ಜೋರಾಗುತ್ತೆ. ಕ್ಲಿನಿಕ್‌ಗೆ ಬಂದ್ರೆ ಕೂಸು ಅಳುತ್ತೆ ಇಲ್ಲ ಮಲಗಿರುತ್ತೆ, ಅದಕ್ಕೆ ಮನೇಲೇ ಖುಷಿಯಾಗಿದ್ದಾಗ ಮೊಬೈಲಲ್ಲಿ ವಿಡಿಯೋ ಮಾಡ್ಕೊಂಡು ಬನ್ನಿ ಅಂತೀನಿ. ನಂತರ ಕೈ ಹಿಡಿದು ಮೆಲ್ಲಗೆ ಎಬ್ಬಿಸಿ ತಲೆ ಎಷ್ಟು ಹಿಂದೆ ಬೀಳುತ್ತೆ ನೋಡೋದು, ಮಂಡಿ ಹಿಂದಿನ ಕೋನ ಅಳೆಯೋದು, ಮಂಡಿಗೆ ಸುತ್ತಿಗೆ ತಟ್ಟಿ ನೋಡೋದು. ಕಣ್ಣು ಚುರುಕಾಗಿದೆ, ಆದ್ರೆ ಕಾಲು ಎತ್ತಲ್ಲ, ಸುತ್ತಿಗೆ ತಟ್ಟಿದ್ರೂ ಮಂಡಿ ಜಿಗಿಯಲ್ಲ, ನಾಲಿಗೆ ಅದುರುತ್ತೆ ಅಂದ್ರೆ ಎಸ್‌ಎಂಎ (ಸ್ನಾಯುಗಳ ಬಲ ಕುಂದಿಸೋ ಆನುವಂಶಿಕ ನರರೋಗ) ಇರಬಹುದು, ಆಗ ವ್ಯಾಯಾಮ ಗೀಯಾಮ ಅಂತ ದಿನ ಕಳೆಯಲ್ಲ, ಅವತ್ತೇ ನ್ಯೂರಾಲಜಿಗೆ ಚೀಟಿ. ಥೈರಾಯ್ಡ್ ಕಡಿಮೆ ಇದ್ರೂ ಕೂಸು ಮೆತ್ತಗಾಗುತ್ತೆ, ಆ ರಿಪೋರ್ಟ್ ಇಲ್ಲದಿದ್ರೆ ಅದನ್ನೂ ಕೇಳ್ತೀನಿ.

ಇನ್ನು ಚಿಕಿತ್ಸೆ. ಕೂಲಿಗೆ ಹೋಗೋ ತಾಯಿಗೆ ದಿನಾ ಮೂರು ಹೊತ್ತು ವ್ಯಾಯಾಮ ಅಂತ ಬರೆದುಕೊಟ್ರೆ ಅದು ಚೀಟಿಯಲ್ಲೇ ಉಳಿಯುತ್ತೆ. ಅದಕ್ಕೆ ನಾನು ಹಿಡಿದದ್ದು ಎರೆಯೋ ಅಜ್ಜಿಯನ್ನ. ಅಜ್ಜಿ ಕಾಲು ಚಾಚಿ ಕೂತು ಕೂಸನ್ನ ಬೋರಲು ಹಾಕ್ಕೊಂಡು ಎಣ್ಣೆ ಹಚ್ತಾಳಲ್ಲ, ಅದೇ ನಮ್ಮ ಟಮ್ಮಿ ಟೈಮ್, ಹೊಟ್ಟೆ ಮೇಲೆ ಮಲಗಿಸಿ ಮಾಡಿಸೋ ವ್ಯಾಯಾಮ! ಅಲ್ಲೇ ಸ್ವಲ್ಪ ಹೊತ್ತು ಹಾಗೇ ಬಿಡಿ, ತಾಯಿ ಎದುರಿಗೆ ಕೂತು ಮಾತಾಡಿಸಲಿ, ಕೂಸು ತಲೆ ಎತ್ತಲಿ, ನೀರು ಆಮೇಲೆ. ಒಂದೇ ಕರಾರು, ಕೈಕಾಲು ಜಗ್ಗಿ ಮುರಿಯೋದು ಬೇಡ, ಈ ಕೂಸುಗಳ ಕೀಲು ಮೊದಲೇ ಸಡಿಲ. "ಜಗ್ಗಲಿಲ್ಲಂದ್ರ ಗಟ್ಟಿ ಹೆಂಗಾಕ್ಕೈತಿ ಯವ್ವಾ?" ಅಂತ ಜಗಳ ಆಗುತ್ತೆ, ಆಗ್ಲಿ. ಎತ್ತುವಾಗ ನೇರ ಎತ್ತದೆ ಪಕ್ಕಕ್ಕೆ ಹೊರಳಿಸಿ ಎತ್ತೋದು, ಎಚ್ಚರ ಇದ್ದಾಗ ಜೋಳಿಗೆ ಬಿಟ್ಟು ನೆಲದ ಮೇಲೆ ಚಾಪೆ, ಎರಡೂ ತೊಡೆಗಳ ಹೊರಗೆ ಸುತ್ತಿದ ಟವೆಲ್, ಇಲ್ಲಾಂದ್ರೆ ಕಾಲು ಅಗಲಿಸಿಕೊಂಡೇ ಬಿದ್ದಿರುತ್ತೆ. ಕೂಸನ್ನ ಕೂರಿಸಿ ಓಡಾಡಿಸೋ ಚಕ್ರದ ವಾಕರ್ ಮಾತ್ರ ಬೇಡವೇ ಬೇಡ, ಕೆನಡಾದಲ್ಲಿ 2004ರಲ್ಲೇ ಮಾರಾಟ ನಿಲ್ಲಿಸಿದ್ದಾರೆ.

ಉಸಿರುಗಟ್ಟಿ ಹುಟ್ಟಿದ ಕೂಸುಗಳದ್ದು ಬೇರೆ ತಲೆನೋವು. ಮೊದಲ ತಿಂಗಳುಗಳಲ್ಲಿ ಮೆತ್ತಗೆ, ಆಮೇಲೆ ಕೆಲವು ಬಿಗಿಯಾಗ್ತಾ ಹೋಗ್ತವೆ. "ಈಗ ಕಾಲು ಗಟ್ಟಿ ಆಗ್ಯಾವ್ರಿ, ನಿಂದರತೈತಿ" ಅಂತ ತಾಯಿ ನಗ್ತಾ ಬರ್ತಾಳೆ, ನಾನು ಪಾದ ಮಡಚಿ ನೋಡಿದ್ರೆ ಮೇಲಕ್ಕೆ ಬರಲ್ಲ, ಕೈ ಹೆಬ್ಬೆರಳು ಮುಷ್ಟಿಯೊಳಗೆ. ಅದು ಬಲ ಅಲ್ಲ, ಸ್ನಾಯು ಬಿಗಿದುಕೊಂಡಿರೋದು. ಅದಕ್ಕೇ ಕೂಸು ಗಟ್ಟಿ ಆಯ್ತು ಅಂತ ಅನಿಸಿದಾಗ್ಲೂ ತೋರಿಸಿ ಹೋಗಿ, ಊರಿಗೆ ಹೋಗೋ ಮುಂಚೆ ಫೈಲ್ ಜೊತೆ ಒಂದ್ಸಲ ಬನ್ನಿ ಅಂತ ಎಲ್ಲರಿಗೂ ಹೇಳಿ ಕಳಿಸ್ತೀನಿ.