ಮನೆಯಲ್ಲಿ ನೋಡಿದ ಬಿಪಿ ಡಾಕ್ಟರಿಗೆ ಸರಿಯಾಗಿ ಮುಟ್ಟಿಸುವುದು ಹೇಗೆ?

ಬ್ಲೂಟೂತ್ ಇರುವ ಬಿಪಿ ಮೆಷಿನ್ ಅಳೆದದ್ದನ್ನೆಲ್ಲ ತಾನೇ ಮೊಬೈಲಿಗೆ ಕಳಿಸುತ್ತದೆ. ಬರೆದಿಡುವ ಕಷ್ಟ ತಪ್ಪಿತು, ನಿಜ. ಆದರೆ ಅದು ಯಾರ ಬಿಪಿ, ಎಷ್ಟು ಹೊತ್ತಿಗೆ ನೋಡಿದ್ದು, ಮಾತ್ರೆಗೆ ಮೊದಲೋ ಆಮೇಲೋ ಎಂದು ತಿಳಿಯದಿದ್ದರೆ ಆ ಅಂಕಿ ನಂಬಿ ಡಾಕ್ಟರು ಔಷಧ ಬದಲಿಸುವಂತಿಲ್ಲ.

ಮೊದಲು ತೋಳಿಗೆ ಸುತ್ತುವ ಪಟ್ಟಿ ನೋಡಿ. ತೋಳಿನ ನಡುಭಾಗದ ಸುತ್ತಳತೆಯನ್ನು ಟೇಪ್ ಹಿಡಿದು ಅಳೆಯಿರಿ. ಪಟ್ಟಿಯ ಮೇಲೆ ಅಚ್ಚಾಗಿರುವ ಸೆಂಟಿಮೀಟರ್ ಮಿತಿಯೊಳಗೆ ಅದು ಬರಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಬಿಗಿದರೆ ಇಲ್ಲದ ಬಿಪಿಯೂ ಕಾಣಿಸಿಕೊಳ್ಳುತ್ತದೆ.

ಆಮೇಲೆ ಮೆಷಿನ್‌ನ ಗಡಿಯಾರ. ಬ್ಯಾಟರಿ ಬದಲಿಸಿದಾಗ ಕೆಲವು ಮೆಷಿನ್‌ಗಳಲ್ಲಿ ತಾರೀಖು ಹಿಂದಕ್ಕೆ ಹೋಗಿಬಿಡುತ್ತದೆ. ಆಗ ಇಂದಿನ ಅಳತೆ ಆ್ಯಪ್‌ನಲ್ಲಿ ಯಾವುದೋ ಹಳೇ ವರ್ಷದಡಿ ಹೋಗಿ ಕೂತಿರುತ್ತದೆ, ನಾವು ‘ಬಂದೇ ಇಲ್ಲ’ ಎಂದು ಹುಡುಕುತ್ತಿರುತ್ತೇವೆ. ಗಂಡ ಹೆಂಡತಿ ಒಂದೇ ಮೆಷಿನ್ ಬಳಸುವುದಾದರೆ ಬಳಕೆದಾರ 1, 2 ಎಂಬ ಆಯ್ಕೆಯನ್ನು ಪ್ರತಿ ಸಲ ನೋಡಿಕೊಳ್ಳಿ. ಒಬ್ಬರ 160 ಇನ್ನೊಬ್ಬರ ಲೆಕ್ಕಕ್ಕೆ ಸೇರಿದರೆ ಸರಾಸರಿಯೇ ಕೆಟ್ಟಿತು.

ಅಳೆಯುವ ಅರ್ಧ ಗಂಟೆ ಮೊದಲಿನಿಂದ ಕಾಫಿ, ಸಿಗರೇಟು, ವ್ಯಾಯಾಮ ಬೇಡ. ಮೂತ್ರಕ್ಕೆ ಹೋಗಿಬನ್ನಿ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು 5 ನಿಮಿಷ ಸುಮ್ಮನೆ ಕೂರಿ. ಪಟ್ಟಿಯನ್ನು ಬಟ್ಟೆಯ ಮೇಲೆ ಸುತ್ತಬೇಡಿ, ಬರಿತೋಳಿಗೇ ಸುತ್ತಿ. ಮಾತಾಡಬಾರದು, ಜೊತೆಗಿರುವವರು ಮಾತಾಡಿಸಲೂಬಾರದು. 1 ನಿಮಿಷ ಬಿಟ್ಟು ಎರಡೆರಡು ಸಲ ನೋಡಿ: ಬೆಳಿಗ್ಗೆ ಮಾತ್ರೆ, ತಿಂಡಿಗೆ ಮೊದಲು ಎರಡು, ಸಂಜೆ ಮತ್ತೆ ಎರಡು. ಹೀಗೆ 7 ದಿನ.

ಮೊದಲ ದಿನದ 4 ಅಳತೆ ಲೆಕ್ಕಕ್ಕಿಲ್ಲ, ಹೊಸತರ ಗಾಬರಿಯಲ್ಲಿ ಹೆಚ್ಚು ಬಂದಿರಬಹುದು. ಆದರೆ ಆ್ಯಪ್‌ಗೆ ಅದು ಗೊತ್ತಾಗುವುದಿಲ್ಲ. ತಾರೀಖಿನ ಆಯ್ಕೆಯಲ್ಲಿ ಎರಡನೇ ದಿನದಿಂದ ಎಂದು ಹಾಕಿ, ಉಳಿದ 24ರ ಸರಾಸರಿ ತೆಗೆಯಿರಿ. ಹಲವು ಮಾರ್ಗಸೂಚಿಗಳಲ್ಲಿ ಮನೆಯ ಸರಾಸರಿಗೆ 135/85 ಗಡಿ. ಆಸ್ಪತ್ರೆಯ 140/90ಕ್ಕೆ ಹೋಲಿಸಿ ಸಮಾಧಾನಪಡಬೇಡಿ. ಹೆಚ್ಚು ಬಂತೆಂದು ಅಳಿಸಲೂಬೇಡಿ. ‘ಜ್ವರ ಇತ್ತು’, ‘ರಾತ್ರಿ ಮಾತ್ರೆ ಮರೆತಿದ್ದು’ ಎಂದು ಪಕ್ಕದಲ್ಲಿ ಟಿಪ್ಪಣಿ ಹಾಕಿದರೆ ಸಾಕು.

ಇಪ್ಪತ್ತನಾಲ್ಕು ಸ್ಕ್ರೀನ್‌ಶಾಟ್ ಯಾರೂ ನೋಡುವುದಿಲ್ಲ. ಹೆಸರು, ಹುಟ್ಟಿದ ದಿನ, ಯಾವ ತೋಳು, ಮಾತ್ರೆಯ ಪ್ರಮಾಣ ಇರುವ ಒಂದು ಪುಟದ ಪಿಡಿಎಫ್ ಕಳಿಸಿ. ಆಸ್ಪತ್ರೆಯ ಪೋರ್ಟಲ್‌ಗೆ (ರೋಗಿಗಳು ತಮ್ಮ ದಾಖಲೆ ನೋಡುವ, ಮೆಸೇಜ್ ಕಳಿಸುವ ವೆಬ್‌ಸೈಟ್) ಆ್ಯಪನ್ನು ಜೋಡಿಸಲು ಬಂದರೆ ಇನ್ನೂ ಒಳ್ಳೆಯದು. ಪಿಡಿಎಫ್ ಓದಲಿಕ್ಕಷ್ಟೇ. ಪೋರ್ಟಲ್‌ನ ಹಿಂದೆ ಲಾಯಿಂಕ್ (LOINC, ಪ್ರತಿ ಪರೀಕ್ಷೆಗೂ ಅಳತೆಗೂ ಒಂದೊಂದು ಸಂಖ್ಯೆ ಕೊಡುವ ಅಂತರರಾಷ್ಟ್ರೀಯ ಪಟ್ಟಿ) ಸಂಕೇತಗಳು ಕೆಲಸ ಮಾಡುತ್ತಿದ್ದರೆ ಮೇಲಿನ ಅಂಕಿ 8480-6 ಎಂದೂ ಕೆಳಗಿನದು 8462-4 ಎಂದೂ ದಾಖಲಾಗುತ್ತದೆ. ಬೇರೆ ಆಸ್ಪತ್ರೆಯ ಕಂಪ್ಯೂಟರಿಗೂ ಗೊಂದಲವಿಲ್ಲ. ಹೆಸರು ತೆಗೆದು ಒಟ್ಟುಗೂಡಿಸಿದರೆ, ಒಂದು ಪ್ರದೇಶದಲ್ಲಿ ಚಿಕಿತ್ಸೆಯಲ್ಲಿರುವ ಎಷ್ಟು ಜನರ ಬಿಪಿ ಹತೋಟಿಯಲ್ಲಿದೆ ಎಂದು ಆರೋಗ್ಯ ಇಲಾಖೆ ಎಣಿಸಲೂ ಇಂಥ ದಾಖಲೆಗಳು ನೆರವಾಗಬಲ್ಲವು.

ನೋಡಿಕೊಳ್ಳುವ ಮಗಳಿಗೋ ಸೊಸೆಗೋ ಪೋರ್ಟಲ್‌ನ ಪಾಸ್‌ವರ್ಡ್ ಹೇಳಿಬಿಡುವುದು ಸುಲಭ, ಆದರೆ ಬೇಡ. ಆರೈಕೆದಾರರಿಗೆಂದೇ ಪ್ರತ್ಯೇಕ ಅನುಮತಿ ಇದ್ದರೆ ಅದನ್ನು ಕೊಡಿ. ಯಾರು ಏನು ನೋಡಿದರೆಂದು ದಾಖಲಾಗುತ್ತದೆ, ಬೇಡವೆನಿಸಿದ ದಿನ ಹಿಂತೆಗೆಯಲೂ ಬರುತ್ತದೆ.

180/120 ದಾಟಿ, ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು ಇವುಗಳಲ್ಲಿ ಒಂದು ಕಂಡರೂ ಪೋರ್ಟಲ್‌ನಲ್ಲಿ ಮೆಸೇಜ್ ಹಾಕಿ ಕಾಯಬೇಡಿ. ಆ ಹೊತ್ತಿಗೆ ಅದನ್ನು ಯಾರೂ ನೋಡುತ್ತಿರಲಿಕ್ಕಿಲ್ಲ; ಆಂಬುಲೆನ್ಸ್ ಕರೆಸಿ.