ಕೆಂಗೇರಿ ಕಡೆ ಮನೆ ಹುಡುಕುವ ವಿದೇಶಿ ಗೆಳೆಯರಿಗೆ

ನಿಮ್ಮ ಆಫೀಸಿಗೆ ಹೊಸದಾಗಿ ಬಂದ ವಿದೇಶಿ ಗೆಳೆಯರಿಗೆ ಇಂದಿರಾನಗರದ ಬಾಡಿಗೆ ಜಾಸ್ತಿ ಅನ್ನಿಸಿದರೆ ಕೆಂಗೇರಿ ಕಡೆ ನೋಡಲು ಹೇಳಿ. ನೇರಳೆ ಮಾರ್ಗದ ಮೆಟ್ರೊ 2023ರ ಅಕ್ಟೋಬರ್‌ನಿಂದ ವೈಟ್‌ಫೀಲ್ಡ್‌ವರೆಗೂ ಓಡುತ್ತಿದೆ, ಮಧ್ಯೆ ಇಳಿದು ಹತ್ತುವ ಗೋಳಿಲ್ಲ. ದೂರವಂತೂ ದೂರವೇ, ಸುಮ್ನೆ ಸುಳ್ಳು ಹೇಳಬೇಡಿ.

ಮೊದಲು ನೀರಿನದ್ದು ಕೇಳಲಿ. ಕಾವೇರಿಯಾ, ಬೋರಾ, ಟ್ಯಾಂಕರಾ? ಬೇಸಿಗೆಯಲ್ಲಿ ಟ್ಯಾಂಕರ್ ದುಡ್ಡು ಯಾರು ಕೊಡಬೇಕು ಅನ್ನೋದನ್ನೂ ಕರಾರಿನಲ್ಲೇ ಬರೆಸಿಕೊಳ್ಳಲಿ. ಹತ್ತು ತಿಂಗಳ ಅಡ್ವಾನ್ಸ್ ಅಂದರೆ ಗಾಬರಿ ಬೇಡ, ಇಲ್ಲಿನ ಹಳೇ ರೂಢಿ ಅಲ್ವಾ, ಚೌಕಾಸಿ ಮಾಡಿ ನೋಡಲಿ.

ಇನ್ನೊಂದು ಮುಖ್ಯ ವಿಷಯ. ವಿದೇಶಿಯರು ಮನೆಗೆ ಬಂದ 24 ಗಂಟೆಯೊಳಗೆ ಮಾಲೀಕರು ಎಫ್‌ಆರ್‌ಆರ್‌ಒಗೆ, ಅಂದರೆ ವಿದೇಶಿಯರ ನೋಂದಣಿ ಕಚೇರಿಗೆ, ಆನ್‌ಲೈನ್‌ನಲ್ಲಿ ತಿಳಿಸಬೇಕು. ನಮ್ಮ ಪಕ್ಕದ ಮನೆ ಅಂಕಲ್‌ಗೆ ಇದು ಗೊತ್ತೇ ಇರಲಿಲ್ಲ, ನಾನೇ ಕೂತು ತುಂಬಿಕೊಟ್ಟೆ. ಅದರ ಪ್ರಿಂಟ್ ಒಂದು ಇಟ್ಟುಕೊಳ್ಳಲಿ, ವೀಸಾ ಕೆಲಸಕ್ಕೆ ಬೇಕಾಗುತ್ತದೆ.