ಬಿಸಾಕಿದ ಚೆಂಡು ಹೂವಿನಿಂದ ಬಟ್ಟೆಗೆ ಬಣ್ಣ: ನಾನು ಮಾಡುವ ಬಗೆ

ಚಿಕ್ಕಬಳ್ಳಾಪುರದಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ ಇದೆ. ಬ್ಲೌಸ್, ಚೂಡಿದಾರ್, ಸೀರೆಗೆ ಫಾಲ್ಸ್, ಇದೇ ಹೊಟ್ಟೆಪಾಡು. ಜೊತೆಗೆ ಕೆಲವು ವರ್ಷಗಳಿಂದ ಚೆಂಡು ಹೂವು, ಈರುಳ್ಳಿ ಸಿಪ್ಪೆ, ದಾಳಿಂಬೆ ಸಿಪ್ಪೆಯಿಂದ ಬಟ್ಟೆಗೆ ಬಣ್ಣ ಹಾಕಿ ದುಪಟ್ಟಾ, ಕುರ್ತಾ ಮಾರುತ್ತಿದ್ದೇನೆ. ಪರಿಸರಸ್ನೇಹಿ ಅಂತ ಬೋರ್ಡ್ ಹಾಕಿಲ್ಲ. ಅದನ್ನು ನೋಡಿ ಒಳಗೆ ಬರುವವರು ನಮ್ಮೂರಲ್ಲಿ ಕಮ್ಮಿ. ಚೆನ್ನಾಗಿ ಕಂಡರೆ ಮುಟ್ಟಿ ನೋಡುತ್ತಾರೆ, ಮುಟ್ಟಿದ ಮೇಲೆ ಕೇಳುತ್ತಾರೆ. ಮಾತು ಅಲ್ಲಿಂದ ಶುರುವಾದರೆ ಸಾಕು ಅನ್ನೋದು ನನ್ನ ಲೆಕ್ಕ.

ಹೂವಿಗೆ ಇಲ್ಲಿ ಬರ ಇಲ್ಲ. ದಸರಾ, ದೀಪಾವಳಿ ಮುಗಿದ ಮಾರನೇ ದಿನ ಹೂವಿನ ಮಾರುಕಟ್ಟೆಗೆ ಹೋಗಿ ನೋಡಿ. ರೇಟು ಬಿದ್ದಿರುತ್ತೆ, ಚೆಂಡು ಹೂವು ಮೂಲೆಯಲ್ಲಿ ರಾಶಿ ಬಿದ್ದಿರುತ್ತೆ. ಬಾಡಿಗೆ ಹುಟ್ಟಲ್ಲ ಅಂತ ರೈತರು ರಸ್ತೆ ಪಕ್ಕ ಸುರಿದು ಹೋಗುವುದೂ ಉಂಟು. ನಾನು ಗೋಣಿಚೀಲ ಹಿಡಿದು ನಿಂತರೆ ಮಂಡಿಯವರು "ತೀಸ್ಕೊಪೋಮ್ಮಾ, ಕಾಸೇನೂ ಬೇಡ" ಅನ್ನುತ್ತಾರೆ. ಆದರೂ ಸುಮ್ನೆ ತರುವುದಿಲ್ಲ, ಕೈಗೆ ಏನಾದರೂ ಇಟ್ಟು ಬರುತ್ತೇನೆ. ಒಂದು ಎಚ್ಚರಿಕೆ: ಮಾರುಕಟ್ಟೆ ಹೂವಿಗೆ ಔಷಧಿ ಜಾಸ್ತಿ ಹೊಡೆದಿರುತ್ತಾರೆ. ಬಿಡಿಸುವಾಗ ಕೈಗವಸು ಬೇಕು. ಹೂವು ಅಂದ ತಕ್ಷಣ ಶುದ್ಧ ಅಂದುಕೊಳ್ಳಬೇಡಿ. ಎಸಳನ್ನು ನೆರಳಲ್ಲಿ ಒಣಗಿಸಿ ಚೀಲದಲ್ಲಿಟ್ಟರೆ ಬೇಸಿಗೆಗೂ ಆಗುತ್ತೆ.

ಬಣ್ಣದ ಕೆಲಸದಲ್ಲಿ ಬಣ್ಣಕ್ಕಿಂತ ಮುಂಚಿನ ಕೆಲಸವೇ ಜಾಸ್ತಿ. ಕೋರಾ ಬಟ್ಟೆ ಗಂಜಿ, ಜಿಡ್ಡಿನ ಸಮೇತ ಬರುತ್ತೆ. ವಾಷಿಂಗ್ ಸೋಡಾ ಹಾಕಿ ಕುದಿಸಿ ಅದನ್ನು ಬಿಡಿಸಬೇಕು. ನೀರು ಚಹಾದ ಹಾಗೆ ಕಂದು ಬಣ್ಣಕ್ಕೆ ತಿರುಗುತ್ತೆ. ಆಮೇಲೆ ಅಳಲೆಕಾಯಿ. ಗ್ರಂಧಿಗೆ ಅಂಗಡಿಯಲ್ಲಿ ಪುಡಿ ಸಿಗುತ್ತೆ. 1 ಕೆಜಿ ಒಣಬಟ್ಟೆಗೆ 150ರಿಂದ 200 ಗ್ರಾಂ ಪುಡಿ ನೀರಲ್ಲಿ ಕಲಸಿ, ರಾತ್ರಿಯಿಡೀ ಬಟ್ಟೆ ನೆನೆಸಿ, ಹಿಂಡಿ ಒಣಗಿಸುತ್ತೇನೆ. ಹತ್ತಿಗೆ ತಾನಾಗಿ ಬಣ್ಣ ಹಿಡಿಯುವ ಗುಣ ಕಮ್ಮಿ. ಅಳಲೆಯ ಒಗರು ಎಳೆಯೊಳಗೆ ಕೂತರೆ ಮುಂದಿನದು ಹಿಡಿಯುತ್ತೆ. ಮುಂದಿನದು ಪಟಿಕ. ಕ್ಷೌರದಂಗಡಿಯಲ್ಲಿ ಕೆನ್ನೆಗೆ ಉಜ್ಜುತ್ತಾರಲ್ಲ, ಅದೇ. 1 ಕೆಜಿಗೆ 150 ಗ್ರಾಂ, ಬಿಸಿನೀರಲ್ಲಿ ಕರಗಿಸಿ ಇನ್ನೊಂದು ರಾತ್ರಿ. ರೇಷ್ಮೆಗೆ ಅಳಲೆ ಬೇಡ, ಪಟಿಕ ಒಂದೇ ಸಾಕು. ಶಿಡ್ಲಘಟ್ಟ ಪಕ್ಕದಲ್ಲೇ ಇರುವುದರಿಂದ ರೇಷ್ಮೆಯ ಒಳ್ಳೆಯದು ಕೆಟ್ಟದ್ದು ಹೇಳಿಕೊಡುವವರು ನಮಗೆ ಬೇಕಾದಷ್ಟು ಜನ. ಅವರಿಂದ ಕಲಿತದ್ದು ಇಷ್ಟು: ಕುದಿಯುವ ನೀರಿಗೆ ರೇಷ್ಮೆ ಹಾಕಬಾರದು, ಹೊಳಪು ಹೋಗಿ ಒರಟಾಗುತ್ತೆ.

ಆಮೇಲಿನದು ಸುಲಭ. ಬಟ್ಟೆಯ ತೂಕದ ಎರಡರಷ್ಟು ಹಸಿ ಹೂವು, ಒಂದು ಗಂಟೆ ಕುದಿ, ಸೋಸಿ ತೆಗೆದ ನೀರಲ್ಲಿ ಬಟ್ಟೆ, ಸಣ್ಣ ಉರಿ, ಆಗಾಗ ತಿರುವುತ್ತಿರಬೇಕು. ಸ್ಟೀಲ್ ಪಾತ್ರೆಯೇ ಆಗಬೇಕು. ಅಂಚಿನಲ್ಲಿ ಹಳದಿ ಹತ್ತುವುದು ಮೊದಲ ಹತ್ತು ನಿಮಿಷದಲ್ಲೇ ಕಾಣುತ್ತೆ, ಆದರೆ ಅಲ್ಲಿಗೇ ತೆಗೆದರೆ ಮೇಲುಬಣ್ಣ ಅಷ್ಟೇ. ರಾತ್ರಿ ಅದರಲ್ಲೇ ಆರಲು ಬಿಡುತ್ತೇನೆ.

ನನಗೆ ತುಂಬಾ ಇಷ್ಟದ ಭಾಗ ಕಬ್ಬಿಣದ ನೀರು. ತುಕ್ಕು ಹಿಡಿದ ಮೊಳೆ, ಹಳೇ ಲಾಳ, ಒಂದು ಅಚ್ಚು ಬೆಲ್ಲ, ನೀರು, ಇಷ್ಟನ್ನೂ ಪ್ಲಾಸ್ಟಿಕ್ ಡಬ್ಬದಲ್ಲಿ ಎರಡು ಮೂರು ವಾರ ಹುಳಿಯಲು ಬಿಟ್ಟರೆ ಆಯಿತು. ವಾಸನೆ ಮಾತ್ರ ಕೇಳಬೇಡಿ. ಸೋಸಿ, ಸ್ವಲ್ಪವೇ ನೀರಿಗೆ ಬೆರೆಸಿ, ಹಳದಿ ದುಪಟ್ಟಾದ ಒಂದು ತುದಿ ಅದ್ದಿ. ಕಣ್ಣೆದುರೇ ಹಳದಿ ಕಪ್ಪಾಗುತ್ತಾ ಮೆಹಂದಿ ಹಸಿರಿಗೆ ಬರುತ್ತೆ. ದಾಳಿಂಬೆ ಸಿಪ್ಪೆಯ ಬಣ್ಣವಾದರೆ ಬೂದಿಗಪ್ಪು. ಅರ್ಧ ಹಳದಿ, ಅರ್ಧ ಹಸಿರು, ನಡುವೆ ಒಂದಕ್ಕೊಂದು ಬೆರೆತ ಅಂಚು, ಇದೇ ನನ್ನ ಅಂಗಡಿಯಲ್ಲಿ ಹೆಚ್ಚು ಹೋಗುವ ಮಾಲು. ಕಬ್ಬಿಣ ಜಾಸ್ತಿಯಾದರೆ ಬಟ್ಟೆ ಬೇಗ ಜೀರ್ಣವಾಗುತ್ತೆ, ಅದಕ್ಕೇ ಕೆಲವೇ ನಿಮಿಷ. ಬೇರೆ ಬೇರೆ ಬಣ್ಣಕ್ಕೆ ಮೈಲುತುತ್ತ ಬಳಸಿ ಅಂತ ಹೇಳುವವರಿದ್ದಾರೆ. ನಾನು ಮುಟ್ಟುವುದಿಲ್ಲ. ಹೂವಿನ ಬಣ್ಣ ಹಾಕಿ ಚರಂಡಿಗೆ ತಾಮ್ರದ ವಿಷ ಬಿಟ್ಟರೆ ಯಾವ ಭಾಗ್ಯಕ್ಕೆ? ಅರಿಸಿನವನ್ನೂ ಕೈಬಿಟ್ಟಿದ್ದೇನೆ. ನೋಡಲು ಝಗಝಗ ಅನ್ನುತ್ತೆ, ಬಿಸಿಲಿಗೆ ಹಾರಿಹೋಗುತ್ತೆ. ಸೋಪು ತಗುಲಿದರೆ ಕೆಂಪಗಾಗುತ್ತೆ, ಅರಿಸಿನಕ್ಕೆ ಸುಣ್ಣ ಬಿದ್ದು ಕುಂಕುಮ ಆದ ಹಾಗೇ.

ನೀರಿನ ವಿಷಯ ಬೇರೆಯೇ. ನಂದಿ ಬೆಟ್ಟದ ಸುತ್ತ ಪಾಲಾರ್, ಪಿನಾಕಿನಿ, ಅರ್ಕಾವತಿ ಹುಟ್ಟುತ್ತವೆ ಅಂತ ಸ್ಕೂಲಲ್ಲಿ ಓದಿದ್ದೇವೆ. ಕೆಳಗಿರುವ ನಾವು ಸಾವಿರ ಅಡಿ ಬೋರ್ ಕೊರೆಸುತ್ತೇವೆ. ಆ ನೀರು ಗಡಸು, ಕೆಲವು ಕಡೆ ಕಬ್ಬಿಣದ ಅಂಶವೂ ಇರುತ್ತೆ, ಎಳೆ ಹಳದಿ ಮಾಡಲು ಹೋದರೆ ಮಂಕಾಗುತ್ತೆ. ಅದಕ್ಕೆ ಮಾಳಿಗೆಯ ಮಳೆನೀರನ್ನು ಡ್ರಮ್ಮಲ್ಲಿ ಹಿಡಿದಿಡುತ್ತೇನೆ. ಪಟಿಕದ ನೀರನ್ನು ಚೆಲ್ಲುವುದಿಲ್ಲ, ಅರ್ಧದಷ್ಟು ಪಟಿಕ ಸೇರಿಸಿ ಮುಂದಿನ ಬಟ್ಟೆಗೆ ಬಳಸುತ್ತೇನೆ. ಜಾಲಾಡಿಸಿದ ಕೊನೆಯ ನೀರು ಮುಂದಿನ ಸಲದ ಸೋಡಾ ಕುದಿಗೆ.

ಇನ್ನು ಜನರ ಜೊತೆ ಮಾತು. ಅಂಗಡಿ ಮೇಜಿನ ಮೇಲೆ ಒಂದು ಬೆಂಕಿಪೊಟ್ಟಣ, ಒಂದು ಸ್ಟೀಲ್ ತಟ್ಟೆ ಸದಾ ಇರುತ್ತೆ. ಒಬ್ಬ ಕಾಲೇಜು ಹುಡುಗಿ ಆನ್‌ಲೈನಲ್ಲಿ ತರಿಸಿದ ಕುರ್ತಾ ಟೈಟ್ ಮಾಡಿಸಲು ತಂದಳು. "ಕಾಟನ್ ಸಿಲ್ಕ್ ಅಕ್ಕಾ, ಜೋಪಾನ" ಅಂದಳು. ಒಳಗಿನ ಹೊಲಿಗೆ ಪಕ್ಕದಿಂದ ಒಂದೇ ಎಳೆ ಕಿತ್ತು ಕಡ್ಡಿ ಗೀರಿದೆ. ಎಳೆ ಮುದುರಿ, ಕರಗಿ, ತಟ್ಟೆಯಲ್ಲಿ ಸಾಸಿವೆಗಿಂತ ಚಿಕ್ಕ ಕರೀ ಗುಂಡಾಯಿತು. ಆರಿದ ಮೇಲೆ ಉಗುರಲ್ಲಿ ಒತ್ತಿದಳು, ಒಡೆಯಲಿಲ್ಲ. ಪಕ್ಕದಲ್ಲೇ ನನ್ನ ಹತ್ತಿ ಎಳೆ ಸುಟ್ಟೆ, ಕಾಗದದ ಹಾಗೆ ಉರಿದು ಬೂದಿ. ರೇಷ್ಮೆ ಎಳೆಗೆ ಕೂದಲು ಸುಟ್ಟ ವಾಸನೆ.

"ಹಂಗಾದ್ರೆ ಇದು ಪ್ಲಾಸ್ಟಿಕ್ಕಾ ಅಕ್ಕಾ?"

"ನೀರಿನ ಬಾಟಲಿ ಮಾಡ್ತಾರಲ್ಲ, ಅದೇ ಜಾತಿ ಕಣಮ್ಮ."

ಇದನ್ನು ಒಗೆದಾಗೆಲ್ಲ ಕಣ್ಣಿಗೆ ಕಾಣದ ಎಳೆ ಉದುರಿ ನೀರಿಗೆ ಹೋಗುತ್ತೆ ಅಂತ ಹೇಳಿದೆ. ಒಗೆದ ನೀರು ಎಲ್ಲಿಗೆ ಹೋಗುತ್ತೆ ಅಂತ ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರಿನವರು ಬಳಸಿ ಬಿಟ್ಟ ನೀರೇ ಸಂಸ್ಕರಣೆಯಾಗಿ ಎಚ್‌ಎನ್ (ಹೆಬ್ಬಾಳ-ನಾಗವಾರ) ವ್ಯಾಲಿ ಯೋಜನೆಯ ಪೈಪಿನಲ್ಲಿ ನಮ್ಮ ಕೆರೆಗಳಿಗೆ ಬರುತ್ತೆ. ಆ ಕುರ್ತಾ ಬಿಸಾಕು ಅಂತ ನಾನು ಹೇಳಲಿಲ್ಲ. ಹರಿಯುವವರೆಗೆ ಹಾಕು, ಬೇಗ ಬೇಗ ಒಗೀಬೇಡ ಅಂದೆ. ಮುಂದಿನ ವಾರ ಮೂವರು ಗೆಳತಿಯರನ್ನು ಕರೆದುಕೊಂಡು ಬಂದಳು, ಬಟ್ಟೆ ಹೊಲಿಸಲು ಅಲ್ಲ, ಎಳೆ ಸುಟ್ಟು ನೋಡಲು. ಒಬ್ಬಳು ಅರ್ಧ ಹಸಿರಿನ ದುಪಟ್ಟಾ ಕೊಂಡಳು, ಅದು ಬೇರೆ ವಿಷಯ.

"ಹೂವಿನ ಬಣ್ಣ ನಿಲ್ಲುತ್ತಾ?" ಅನ್ನುವುದು ಎಲ್ಲರ ಪ್ರಶ್ನೆ. ಲಂಡನ್ನಿನ ಪರ್ಕಿನ್ ಅನ್ನುವ ಹುಡುಗ ಕಲ್ಲಿದ್ದಲ ಡಾಂಬರಿನಿಂದ ನೇರಳೆ ಬಣ್ಣ ತೆಗೆದದ್ದು 1856ರಲ್ಲಿ. ಅಲ್ಲಿಯವರೆಗೆ ರಾಜರೂ ಗಿಡ, ತೊಗಟೆ, ಮಣ್ಣು, ಹುಳುವಿನ ಬಣ್ಣವನ್ನೇ ಉಟ್ಟಿದ್ದು. ಹಾಗಂತ ಸುಳ್ಳು ಹೇಳುವುದಿಲ್ಲ. ಚೆಂಡು ಹೂವು ಬಿಸಿಲಿಗೆ ನಿಧಾನವಾಗಿ ಮಾಸುತ್ತೆ. ನೆರಳಲ್ಲಿ ಒಣಗಿಸಿ, ಅಂಟುವಾಳ ಅಥವಾ ಮೆದು ಸೋಪು ಬಳಸಿ ಅಂತ ಚೀಟಿ ಬರೆದುಕೊಡುತ್ತೇನೆ. ಹಸಿರು ಭಾಗದ ಮೇಲೆ ಚಿತ್ರಾನ್ನದ ನಿಂಬೆರಸ ಬಿತ್ತೋ, ಅಲ್ಲಿ ತೆಳು ಮಚ್ಚೆ ಗ್ಯಾರಂಟಿ. ಮದುವೆಗೆ ಒಂದೇ ಬಣ್ಣದ ಮೂವತ್ತು ದುಪಟ್ಟಾ ಕೇಳಿದರೆ ಒಪ್ಪುವುದಿಲ್ಲ. ಒಂದು ಚೀಲದ ಹೂವಿನ ಬಣ್ಣ ಇನ್ನೊಂದು ಚೀಲಕ್ಕೆ ಬರಲ್ಲ.

ಹತ್ತಿ ಅಂದ ಮಾತ್ರಕ್ಕೆ ಪುಣ್ಯದ ಬಟ್ಟೆಯೂ ಅಲ್ಲ. ಒಂದು ಟೀ ಶರ್ಟಿನ ಹಿಂದೆ ಸುಮಾರು 2,700 ಲೀಟರ್ ನೀರು ಖರ್ಚಾಗಿರುತ್ತೆ ಅನ್ನೋದು ಎಲ್ಲ ಕಡೆ ಹೇಳುವ ಲೆಕ್ಕ. ಅದಕ್ಕೇ ಈಗ ಮಾಸಿದ ದುಪಟ್ಟಾ, ಕಲೆಯಾದ ಬಿಳಿ ಅಂಗಿ, ಬಣ್ಣಗೆಟ್ಟ ಕಾಟನ್ ಸೀರೆ ತಂದುಕೊಡಿ, ಮತ್ತೆ ಅದ್ದಿಕೊಡುತ್ತೇನೆ ಅಂತ ಶುರು ಮಾಡಿದ್ದೇನೆ. ದುಪಟ್ಟಾಗೆ 120 ರೂಪಾಯಿ. ಹಳೇ ಕಲೆ ಇರುವ ಕಡೆ ಕಬ್ಬಿಣದ ನೀರಲ್ಲಿ ಗಂಟು ಕಟ್ಟಿ ಅದ್ದಿದರೆ ಕಲೆಯೂ ಡಿಸೈನಲ್ಲಿ ಸೇರಿಹೋಗುತ್ತೆ. ಹೊಸದು ಮಾರುವುದಕ್ಕಿಂತ ಈ ಕೆಲಸಕ್ಕೇ ಈಗ ಜಾಸ್ತಿ ಜನ ಬರುತ್ತಿದ್ದಾರೆ, ಹಬ್ಬದ ಹಿಂದಿನ ವಾರವಂತೂ ಹೊಸ ಬ್ಲೌಸ್ ಒಪ್ಪಿಕೊಳ್ಳಲು ಪುರುಸೊತ್ತಿಲ್ಲ.